ಅಜ್ಜಿಯನ್ನು ಮೈಸೂರಿಗೆ ಕಳಿಸಬೇಡ

ಪ್ರೀತಿಯ ಪುಟ್ಟಿ,

ನಿನ್ನ ಉದ್ದನೆಯ ಮೆಸೇಜು ಓದಿದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಈ ಕಾಗದ. ಎರಡು ಕಥಾಸಂಕಲನ ಆಯ್ತು, ಇನ್ನು ಸಂಪಾದನೆ ಕಲಿತು ಐದು ವರ್ಷದಲ್ಲಿ ನಿನ್ನದೇ ಪ್ರಕಾಶನ ಶುರು ಮಾಡ್ತೀನಿ ಅಂದಿದ್ದೀಯ. ಬ್ಯಾಂಕಿನ ಕೆಲಸ ಮುಂದಿನ ತಿಂಗಳೇ ಬಿಡ್ತೀನಿ ಅಂತಲೂ ಬರೆದಿದ್ದೀಯ. ನಿಮ್ಮಪ್ಪ ಆಗಲೇ ಎರಡು ಸಲ ಫೋನ್ ಮಾಡಿದ. ನಾನು ಅವನ ಪರ ಅಲ್ಲ. ಆದರೂ ಕೆಲಸ ಬಿಡಬೇಡ.

ಐದು ಬೇಡ, ಹತ್ತು ವರ್ಷ ಇಟ್ಟುಕೋ. ಮೊದಲ ಮೂರ್ನಾಲ್ಕು ವರ್ಷ ಬೇರೆಯವರ ಪುಸ್ತಕಕ್ಕೆ ಕರಡು ತಿದ್ದು. ಕೂಲಿ ಕಮ್ಮಿ, ಹೆಸರೂ ಬರುವುದಿಲ್ಲ. ಆದರೆ ಕಣ್ಣು ಪಳಗುವುದು ಅಲ್ಲೇ. ನಾನು ಮೈಸೂರಿನ ಪ್ರೆಸ್ಸಿಗೆ ಸೇರಿದಾಗ ಇನ್ನೂ ಸೀಸದ ಅಚ್ಚುಮೊಳೆ ಒಂದೊಂದಾಗಿ ಜೋಡಿಸುತ್ತಿದ್ದರು. ತಲೆಕೆಳಗಾದ ಅಕ್ಷರವನ್ನು ಆ ಜೋಡಿಸುವ ಕಂಪೋಸಿಟರು ನೇರ ಓದಿದಷ್ಟೇ ಸಲೀಸಾಗಿ ಓದುತ್ತಿದ್ದರು. ಈಗ ಮೊಳೆ ಇಲ್ಲ, ಕಾಟ ಮಾತ್ರ ಬೇರೆ ವೇಷದಲ್ಲಿದೆ. ‘ನುಡಿ’ ತಂತ್ರಾಂಶದಲ್ಲಿ ಟೈಪಾದ ಕಡತವನ್ನು ಎಲ್ಲ ಕಂಪ್ಯೂಟರಿಗೂ ಹೊಂದುವ ಯೂನಿಕೋಡಿಗೆ ಬದಲಿಸಿದಾಗ ಅರ್ಕಾವತ್ತು, ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತವೆ. ಕಂಪ್ಯೂಟರು ತೋರಿಸುವುದಿಲ್ಲ, ನೀನೇ ಹುಡುಕಬೇಕು.

ಕಾಗುಣಿತದ ತಪ್ಪಾದರೆ ತಿದ್ದಬಹುದು ಬಿಡು. ನಾನು ಮಾಡಿದ ದೊಡ್ಡ ತಪ್ಪು ಬೇರೆ. ಹುಬ್ಬಳ್ಳಿ ಕಡೆಯ ಒಬ್ಬರ ಕತೆ ಬಂದಿತ್ತು. ಅದರಲ್ಲಿ ಒಬ್ಬ ಅಜ್ಜಿ ‘ಬರಾಕತ್ತೀನಿ ತಡಿಯೋ’ ಅನ್ನುತ್ತಾಳೆ. ನಾನು ಹೊಸ ಹುರುಪಿನಲ್ಲಿ ‘ಬರುತ್ತಿದ್ದೇನೆ, ತಾಳು’ ಅಂತ ಮಾಡಿದೆ. ಒಂದು ಕಡೆ ಅಲ್ಲ, ಕತೆ ಪೂರ್ತಿ. ಕರಡು ನೋಡಿದ ಲೇಖಕರು ಒಂದು ಕಾರ್ಡು ಹಾಕಿದರು: ‘ನಮ್ಮಜ್ಜೀನ್ನ ಮೈಸೂರಿಗೆ ಯಾವಾಗ ಕಳಿಸಿದ್ರಿ?’ ಅಷ್ಟೇ, ಬೈಗುಳ ಇಲ್ಲ. ಆ ರಾತ್ರಿ ಕೂತು ಅಜ್ಜಿಯನ್ನು ವಾಪಸ್ ಹುಬ್ಬಳ್ಳಿಗೆ ಕರೆತಂದೆ. ಆದರೆ ಆ ಲೇಖಕರು ಮತ್ತೆ ನಮ್ಮ ಪ್ರೆಸ್ಸಿಗೆ ಹಸ್ತಪ್ರತಿ ಕೊಡಲಿಲ್ಲ.

ನಿನಗೆ ಈ ಅಪಾಯ ಜಾಸ್ತಿ, ಯಾಕೆಂದರೆ ನೀನು ಚೆನ್ನಾಗಿ ಬರೆಯುತ್ತೀಯ. ಬೇರೆಯವರ ವಾಕ್ಯ ಕಂಡ ಕೂಡಲೇ ನಿನ್ನ ವಾಕ್ಯ ಎದ್ದು ನಿಲ್ಲುತ್ತದೆ. ಆಗ ಪೆನ್ನು ಕೆಳಗಿಟ್ಟು ಆ ಪುಟ ಜೋರಾಗಿ ಓದು. ತೊಡಕು ಅವರ ಬರಹದ್ದೋ ನಿನ್ನ ಕಿವಿಯದ್ದೋ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಅಂಚಿನಲ್ಲಿ ಪ್ರಶ್ನೆ ಹಾಕಿ ಅವರನ್ನೇ ಕೇಳು.

ಜಿ.ಬಿ. ಜೋಶಿಯವರನ್ನು ನೋಡು. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದವರು. ಜಡಭರತ ಅನ್ನುವ ಹೆಸರಿನಲ್ಲಿ ನಾಟಕ ಬರೆದವರೂ ಅವರೇ. ಬರೆಯುವುದು ಗೊತ್ತಿದ್ದವರು, ಆದರೂ ಕುರ್ತಕೋಟಿಯವರಂಥ ವಿಮರ್ಶಕರನ್ನು ಸಲಹೆಗೆ ಪಕ್ಕದಲ್ಲಿ ಇಟ್ಟುಕೊಂಡರು. ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಅಚ್ಚಾಗಿದ್ದು ಅಲ್ಲೇ. ನಿನ್ನ ಪ್ರಕಾಶನಕ್ಕೂ ನಿನ್ನ ಮಾತಿಗೆ ‘ಬೇಡ’ ಅನ್ನಬಲ್ಲ ಒಬ್ಬರು ಬೇಕು. ಸ್ನೇಹಿತೆಯರಲ್ಲಿ ಅಂಥವರು ಯಾರಿದ್ದಾರೆ, ಈಗಲೇ ನೋಡಿಟ್ಟುಕೋ.

ಇನ್ನು ದುಡ್ಡಿನ ಮಾತು. ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟಿಗೆ ಫಾರಂ ಅನ್ನುತ್ತಾರೆ, ಒಂದು ಫಾರಂ ಅಂದರೆ 16 ಪುಟ. 160 ಪುಟಕ್ಕೆ ಹತ್ತು ಫಾರಂ. 163 ಪುಟ ಆದರೆ ಆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ, ಕಡೇಪಕ್ಷ ಅರ್ಧ ಫಾರಂ ದಂಡ. ಸಂಪಾದನೆ ಅಂದರೆ ಬರೀ ಸಾಹಿತ್ಯ ಅಲ್ಲ ಅನ್ನುವುದು ಆಗ ಅರ್ಥ ಆಗುತ್ತದೆ. ಸುಮ್ನೆ ಸಾವಿರ ಪ್ರತಿ ಹಾಕಿಸಿ ಮಂಚದ ಕೆಳಗೆ ತುಂಬಬೇಡ. ಇನ್ನೂರು, ಮುನ್ನೂರರಿಂದ ಶುರು ಮಾಡು. ಅಂಗಡಿಯವರ ಕಮಿಷನ್ ಕಳೆದು ಎಷ್ಟು ಉಳಿಯುತ್ತದೆ ಅನ್ನುವುದನ್ನು ಬೆಲೆ ಹಾಕುವ ಮೊದಲೇ ಬರೆದುಕೋ, ಆಮೇಲೆ ಅಲ್ಲ. ಹಿಂದಿನ ಕಾಲದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕ ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನಿನಗೆ ಕೊರಿಯರ್ ಇದೆ, ಆದರೆ ಓದುಗರನ್ನು ಹುಡುಕಿಕೊಂಡು ನೀನೇ ಹೋಗಬೇಕು.

ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್‌ಗೆ ದುಡ್ಡು ಕೇಳುವ ದಲ್ಲಾಳಿಗಳ ಹತ್ತಿರ ಹೋಗಬೇಡ. ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಪುಕ್ಕಟೆ ಕೊಡುತ್ತದೆ. ಲೇಖಕರ ಜೊತೆ ಕರಾರು ಬರವಣಿಗೆಯಲ್ಲೇ ಇರಲಿ, ಹಕ್ಕು ಎಷ್ಟು ವರ್ಷಕ್ಕೆ ಅನ್ನುವುದನ್ನು ಬಿಡಿಸಿ ಬರೆ. ಅವಧಿ ಬರೆಯದೆ ಬಿಟ್ಟರೆ 1957ರ ಕಾಪಿರೈಟ್ ಕಾಯ್ದೆ ಅದನ್ನು ಐದು ವರ್ಷ ಅಂತಲೇ ಎಣಿಸುತ್ತದೆ. ಇದನ್ನು ಪ್ರಕಾಶಕಿಯಾಗಿ ಮಾತ್ರ ಅಲ್ಲ, ಲೇಖಕಿಯಾಗಿಯೂ ನೆನಪಿಟ್ಟುಕೋ. ನಿನ್ನ ಮೊದಲ ಸಂಕಲನದ ಕರಾರು ನೀನು ಓದಿಯೇ ಇಲ್ಲ ಅಂತ ನನಗೆ ಗುಮಾನಿ.

ಬೆಳಿಗ್ಗೆ ಒಂದು ಗಂಟೆ ನಿನ್ನ ಬರವಣಿಗೆಗೆ ಇರಲಿ. ನಾನು ಹಾಗೆ ಉಳಿಸಿಕೊಳ್ಳಲಿಲ್ಲ. ಮೂವತ್ತು ವರ್ಷ ಬೇರೆಯವರದ್ದು ತಿದ್ದಿದೆ, ನನ್ನದು ಪೆಟ್ಟಿಗೆಯಲ್ಲೇ ಉಳಿಯಿತು.

ಗೌರಿ ಹಬ್ಬಕ್ಕೆ ಬರುವಾಗ ಈಗ ತಿದ್ದುತ್ತಿರುವ ಆ ಕುಂದಾಪುರದವರ ಹಸ್ತಪ್ರತಿ ತಗೊಂಡು ಬಾ. ನೀನು ಏನೇನು ಹೊಡೆದು ಹಾಕಿದ್ದೀಯ ನೋಡಬೇಕು. ಕನ್ನಡಕ ಹೊಸದು ಮಾಡಿಸಿದ್ದೇನೆ. ಹಾಗೇ ಆ ಕರಾರು ಪತ್ರವನ್ನೂ ತಾ.

ನಿನ್ನ,
ಅತ್ತೆ