ಕಟ್ಟರ್ ಮಷೀನಿನ ಜೊತೆಗೇ ಚಸ್ಮಾ ಕೊಡಲಿ

ಮಾನ್ಯ ಸಂಪಾದಕರೇ,

ಕಲಬುರಗಿಯ ಸೇಡಂ ರಸ್ತೆ, ಜೇವರ್ಗಿ ರಸ್ತೆಯ ಹೊಸ ಬಡಾವಣೆಗಳಲ್ಲಿ ಮುಂಜಾನೆ ಶುರುವಾಗುವ ಕಟ್ಟರ್ ಮಷೀನಿನ ಸದ್ದು ಸಂಜೆಯವರೆಗೂ ನಿಲ್ಲುವುದಿಲ್ಲ. ಪ್ಲೈವುಡ್ ಕೊಯ್ಯುವವರು, ಸನ್‌ಮೈಕಾದ ಅಂಚು ತಿದ್ದುವವರು, ಹಳೆಯ ವಾಡೆಗಳಿಂದ ಕಿತ್ತು ತಂದ ಸಾಗವಾನಿ ತೊಲೆಗಳನ್ನು ಸೀಳುವವರು ಸೇರಿ ಒಂದೊಂದು ಕಟ್ಟಡದಲ್ಲಿ ಐದಾರು ಬಡಿಗರು ದುಡಿಯುತ್ತಿದ್ದರೂ, ಅವರಲ್ಲಿ ಕಣ್ಣಿಗೆ ರಕ್ಷಣೆಯ ಚಸ್ಮಾ ಹಾಕಿಕೊಂಡವರು ಒಬ್ಬರೂ ಸಿಗುವುದು ಅಪರೂಪ. ಬಿಸಿಲಿಗೆ ಕಪ್ಪು ಚಸ್ಮಾ ಹಾಕಿಕೊಂಡು ಬೈಕಿನ ಮೇಲೆ ಬರುವ ಹುಡುಗ, ಮಷೀನು ಚಾಲೂ ಮಾಡುವ ಮೊದಲು ಅದನ್ನೂ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ.

ಅವರನ್ನು ದೂರುವ ಹಕ್ಕು ನನಗಿಲ್ಲ, ಏಕೆಂದರೆ ಇಪ್ಪತ್ತು ವರ್ಷ ನಾನೂ ಬರಿಗಣ್ಣಿನಲ್ಲೇ ಬಡಿಗತನ ಮಾಡಿದವನು. ಆರು ವರ್ಷದ ಹಿಂದೆ ಬೇವಿನ ಚೌಕಟ್ಟೊಂದಕ್ಕೆ ಉಳಿಯಿಂದ ತೂತು ಹೊಡೆಯುತ್ತಿದ್ದಾಗ (ಯಾವ ಮಷೀನೂ ಚಾಲೂ ಇರಲಿಲ್ಲ) ಜೋಳದ ಕಾಳಿಗಿಂತ ಚಿಕ್ಕದೊಂದು ಚಕ್ಕೆ ಹಾರಿ ಎಡಗಣ್ಣಿಗೆ ಬಡಿಯಿತು. ಕಣ್ಣು ತೊಳೆದುಕೊಂಡೆ; ಮನೆಯಲ್ಲಿ ಔಡಲೆಣ್ಣೆ ಬಿಟ್ಟರು. ಮರುದಿನ ಕಣ್ಣು ಕೆಂಡದಂತಾದಾಗ ಔಷಧದ ಅಂಗಡಿಯೊಂದರಲ್ಲಿ ಚೀಟಿಯಿಲ್ಲದೆಯೇ ಹನಿ ತಂದು ಹಾಕಿಕೊಂಡೆ, ಎರಡು ದಿನ ಕೆಂಪು ಇಳಿದಂತೆಯೂ ಕಂಡಿತು. ಐದನೆಯ ದಿನ ಕನ್ನಡಿಯ ಮುಂದೆ ನಿಂತಾಗ ಕಪ್ಪು ಗುಡ್ಡೆಯ ಮೇಲೆ ಸುಣ್ಣ ಸಿಡಿದಂಥ ಬಿಳಿ ಚುಕ್ಕೆ ಇತ್ತು. ಕಣ್ಣಿನ ವೈದ್ಯರು ಅದನ್ನು ಕೆರೆದು ಪರೀಕ್ಷಿಸಿ, ಶಿಲೀಂಧ್ರದ ಸೋಂಕು ಎಂದರು. ನಾನು ಹಾಕಿಕೊಂಡಿದ್ದ ಹನಿಯಲ್ಲಿ ಸ್ಟೀರಾಯ್ಡ್ ಇತ್ತೆಂದೂ, ಅದು ಮೇಲೆ ಕೆಂಪನ್ನು ಅಡಗಿಸಿ ಒಳಗೆ ಸೋಂಕನ್ನು ಬೆಳೆಸುತ್ತದೆಂದೂ ಆಮೇಲೆ ತಿಳಿಯಿತು. ಮೊದಲ ವಾರ ಗಂಟೆಗೊಮ್ಮೆ ಔಷಧ, ಒಟ್ಟು ಎರಡು ತಿಂಗಳು ಕೆಲಸವಿಲ್ಲ. ಕಣ್ಣು ಉಳಿಯಿತು, ಕಲೆಯೂ ಉಳಿಯಿತು. ಇಂದಿಗೂ ಬಲಗಣ್ಣು ಮುಚ್ಚಿ ನೋಡಿದರೆ ಟೇಪಿನ ಮೇಲಿನ ಗೆರೆಗಳು ಒಂದರೊಳಗೊಂದು ಕೂಡಿಕೊಂಡು ಕಾಣುತ್ತವೆ.

ವೆಲ್ಡಿಂಗ್ ಕೆಲಸದಲ್ಲಿ ಕಣ್ಣಿಗೆ ಅಪಾಯವಿದೆ ಎಂದರೆ ಎಲ್ಲರೂ ಒಪ್ಪುತ್ತಾರೆ, ಕಟ್ಟಿಗೆಯ ಪುಡಿ ಏನು ಮಾಡೀತು ಎಂಬ ಉಡಾಫೆ ಮಾತ್ರ ನಮ್ಮವರಲ್ಲಿ ಹೋಗಿಲ್ಲ. ಆದರೆ ಗಿಡಮರಗಳ ಚೂರು ತಾಗಿದ ಕಣ್ಣಿಗೇ ಶಿಲೀಂಧ್ರದ ಹುಣ್ಣು ಹೆಚ್ಚಾಗಿ ಆಗುತ್ತದೆ. ತೊಗರಿ ರಾಶಿ ಮಾಡುವ ರೈತರಿಗೂ ಇದೇ ಕಾಟ. ಕಬ್ಬಿಣದ ಚೂರು ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತದೆ, ಕಟ್ಟಿಗೆಯ ಸಿಬಿರು ಬಹಳ ಸಲ ಕಾಣುವುದೇ ಇಲ್ಲ. ಹೀಗಾಗಿ ನೆಟ್ಟ ಸಿಬಿರನ್ನು ಕಡ್ಡಿಯಿಂದಲೋ ಅಂಗಿಯ ತುದಿಯಿಂದಲೋ ಕೀಳಲು ಹೋಗದೆ, ಕಣ್ಣನ್ನು ಒತ್ತದಂತೆ ಒಂದು ಕಾಗದದ ಲೋಟ ಮುಚ್ಚಿ, ಜಿಮ್ಸ್‌ನಂಥ ನೇತ್ರ ವಿಭಾಗವಿರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು.

ಉಳಿಯ ಏಟಿಗೇ ಇಷ್ಟಾದರೆ ಮಷೀನಿನ ಮಾತು ಬೇರೆಯೇ. ಶಹಾಬಾದ್ ಕಲ್ಲು ಕೊಯ್ಯುವ ನಾಲ್ಕಿಂಚಿನ ಕಟ್ಟರಿಗೇ ಕಟ್ಟಿಗೆಯ ಬ್ಲೇಡು ತೊಡಿಸಿ ಪ್ಲೈವುಡ್ ಕೊಯ್ಯುವುದು ನಮ್ಮಲ್ಲಿ ರೂಢಿಯಾಗಿದೆ. ನಿಮಿಷಕ್ಕೆ 12,000 ಸುತ್ತು ತಿರುಗುವ 110 ಮಿ.ಮೀ. ಬ್ಲೇಡಿನ ಅಂಚು ಸೆಕೆಂಡಿಗೆ ಸುಮಾರು 69 ಮೀಟರ್, ಅಂದರೆ ಗಂಟೆಗೆ 250 ಕಿ.ಮೀ.ನಷ್ಟು ವೇಗದಲ್ಲಿ ಓಡುತ್ತಿರುತ್ತದೆ. ಹಳೆಯ ತೊಲೆಯೊಳಗೆ ತುಕ್ಕು ಹಿಡಿದು ಅಡಗಿದ ಮೊಳೆಗೆ ಅದು ತಾಗಿ, ಹಲ್ಲಿಗೆ ಬೆಸೆದ ಕಾರ್ಬೈಡ್ ತುಣುಕು ಕಿತ್ತು ಹಾರಿದರೆ, ಎರಡಡಿ ದೂರದ ಮುಖಕ್ಕೆ ತಲುಪಲು ಅದಕ್ಕೆ ಸೆಕೆಂಡಿನ ನೂರನೆಯ ಒಂದು ಪಾಲೂ ಬೇಡ. ರೆಪ್ಪೆ ಮುಚ್ಚಿಕೊಂಡೇನು ಎಂಬ ಭರವಸೆ ಇಲ್ಲಿ ನಡೆಯುವುದಿಲ್ಲ.

ನಂಬರಿನ ಚಸ್ಮಾ ಇದೆಯಲ್ಲ ಎನ್ನುವವರೂ ಇದ್ದಾರೆ. ಅದಕ್ಕೆ ಪಕ್ಕದ ಮರೆಯಿಲ್ಲ, ಗಾಜಿನದಾದರೆ ಒಡೆದು ಅದೇ ಕಣ್ಣಿಗೆ ಹೊಕ್ಕೀತು. ಬೇಕಾದದ್ದು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ, ಎರಡೂ ಪಕ್ಕ ಮುಚ್ಚಿದ, ಐಎಸ್ 5983 (ಭಾರತದ ಮಾನದಂಡ) ಅಥವಾ ಇಎನ್ 166 (ಯುರೋಪಿನ ಮಾನದಂಡ) ಎಂಬ ಗುರುತಿರುವ ಚಸ್ಮಾ. ಇಎನ್ ಗುರುತಿನ ಪಕ್ಕದಲ್ಲಿ ‘ಎಫ್’ ಅಕ್ಷರವಿದ್ದರೆ ಸೆಕೆಂಡಿಗೆ 45 ಮೀಟರ್ ವೇಗದ ಸಣ್ಣ ಉಕ್ಕಿನ ಗುಂಡಿನ ಪೆಟ್ಟನ್ನೂ, ‘ಬಿ’ ಇದ್ದರೆ 120 ಮೀಟರ್ ವೇಗದ ಪೆಟ್ಟನ್ನೂ ಅದು ತಾಳಿದೆ ಎಂದರ್ಥ. ಬೆಲೆ ನೂರು, ಇನ್ನೂರು ರೂಪಾಯಿ.

ನನ್ನ ಕೈಕೆಳಗಿನ ಹುಡುಗನಿಗೆ ಹೇಳಿದಾಗ ಅವನು, “ಚಸ್ಮಾ ಹಾಕ್ಕೊಂಡ್ರ ಗೆರಿನೇ ಕಾಣಂಗಿಲ್ಲ ಕಾಕಾ” ಎಂದ. ಸುಳ್ಳೇನಲ್ಲ. ನಲವತ್ತು ದಾಟಿದ ನಮ್ಮ ಬೇಸಿಗೆಯಲ್ಲಿ ಬೆವರಿಗೆ ಚಸ್ಮಾದ ಒಳಗೆ ಮಂಜು ಕಟ್ಟುತ್ತದೆ. ಧೂಳು ಕೂತಾಗ ಅಂಗಿಯಿಂದ ಒಣ ಒಣವಾಗಿ ಒರೆಸಿದರೆ ಗೀರು ಬಿದ್ದು ಹದಿನೈದು ದಿನಕ್ಕೆ ಕುರುಡಾಗುತ್ತದೆ. ಗಾಳಿಕಂಡಿ ಇರುವುದನ್ನು ಕೊಂಡು, ಮೊದಲು ನೀರಿನಲ್ಲಿ ಅದ್ದಿ ಧೂಳು ಬಿಡಿಸಿ ಆಮೇಲೆ ಒರೆಸಿದರೆ ವರ್ಷಕ್ಕೂ ಹೆಚ್ಚು ಬಾಳುತ್ತದೆ. ಈಗ ಅವನ ಚಸ್ಮಾವನ್ನು ಮಷೀನಿನ ಪ್ಲಗ್ಗಿಗೇ ಕಟ್ಟಿದ್ದೇನೆ, ಅದನ್ನು ಬಿಚ್ಚದೆ ವೈರು ಚುಚ್ಚಲು ಬರುವುದಿಲ್ಲ.

ಕೆಲಸಗಾರರ ಕಣ್ಣಿಗೆ ಮರೆ ಅಥವಾ ಚಸ್ಮಾ ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 35ನೆಯ ಕಲಮಿನಲ್ಲೇ ಹೇಳಲಾಗಿತ್ತು; ಆದರೆ ಇಬ್ಬರು ಮೂವರು ದುಡಿಯುವ ನಮ್ಮಂಥ ಅಂಗಡಿಗಳು ಕಾರ್ಖಾನೆಯ ಲೆಕ್ಕಕ್ಕೆ ಬರಲೇ ಇಲ್ಲ. ನಮ್ಮನ್ನು ಲೆಕ್ಕಕ್ಕೆ ಹಿಡಿದದ್ದು 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ. ಅದರ 18 ಕಸುಬುಗಳಲ್ಲಿ ಬಡಿಗತನವೂ ಇದ್ದು, ಉಪಕರಣಗಳಿಗೆ 15,000 ರೂಪಾಯಿವರೆಗಿನ ವೋಚರ್ ಮತ್ತು ದಿನಕ್ಕೆ 500 ರೂಪಾಯಿ ಭತ್ಯೆಯೊಂದಿಗೆ ತರಬೇತಿ ಸಿಗುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಈ ತರಬೇತಿ ನಡೆಸುವವರು, ಚಸ್ಮಾ ಹಾಕಿಕೊಳ್ಳದ ಕೈಗೆ ಮಷೀನು ಕೊಡುವುದಿಲ್ಲ ಎಂಬ ಕಟ್ಟುನಿಟ್ಟನ್ನು ಮೊದಲ ದಿನದಿಂದಲೇ ಪಾಲಿಸಬೇಕೆಂದು ಕೋರುತ್ತೇನೆ. ಹಾರ್ಡ್‌ವೇರ್ ಅಂಗಡಿಗಳವರಲ್ಲಿಯೂ ಒಂದು ವಿನಂತಿ: ಕಟ್ಟರ್ ಮಾರುವಾಗ ಅದೇ ಬಿಲ್ಲಿನಲ್ಲಿ ಚಸ್ಮಾವನ್ನೂ ಸೇರಿಸಿ ಕೊಡಿ, ನೂರಿನ್ನೂರು ಹೆಚ್ಚಾಯಿತೆಂದು ಯಾರೂ ಮಷೀನು ಬಿಟ್ಟು ಹೋಗುವುದಿಲ್ಲ. ಕಳೆದ ತಿಂಗಳು ನಾನು ಹೊಸ ಕಟ್ಟರ್ ಕೊಂಡಾಗ ಅದರೊಂದಿಗೆ ಕಂಪನಿಯ ಹೆಸರಿರುವ ಟೋಪಿಯೊಂದನ್ನು ಪುಕ್ಕಟೆ ಕೊಟ್ಟರು. ಚಸ್ಮಾ ಕೇಳಿದ್ದಕ್ಕೆ ಕೆಲಸದ ಹುಡುಗ ಅಟ್ಟ ಹತ್ತಿ, ಎರಡು ಡಬ್ಬಿ ಸರಿಸಿ, ಧೂಳು ಊದಿ ತಂದುಕೊಟ್ಟ.

ಇಂತಿ,
ಒಬ್ಬ ಬಡಿಗ, ಶಹಾಬಜಾರ್, ಕಲಬುರಗಿ