ಹಾಸಿಗೆ ಹೆಚ್ಚಿದವು, ನರ್ಸ್‌ಗಳ ಹುದ್ದೆ ಎಲ್ಲಿ?

ಮಾನ್ಯ ಸಂಪಾದಕರೇ,

ಕಲಬುರಗಿ, ಕೊಪ್ಪಳ, ಯಾದಗಿರಿಗೆ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಬಂದವು. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆಯೂ ಉದ್ಘಾಟನೆಯಾಯಿತು. ಆದರೂ ಕಲ್ಯಾಣ ಕರ್ನಾಟಕದಲ್ಲಿ ಓದಿ ನೋಂದಣಿ ಮಾಡಿಸಿಕೊಂಡ ನರ್ಸ್‌ಗಳು ಬೀದರ್‌ನಿಂದ ಹೈದರಾಬಾದಿಗೆ, ಕಲಬುರಗಿಯಿಂದ ಸೊಲ್ಲಾಪುರಕ್ಕೆ, ಎಲ್ಲ ಕಡೆಯಿಂದ ಬೆಂಗಳೂರಿಗೆ ಹೋಗುತ್ತಲೇ ಇದ್ದಾರೆ. ಇಲ್ಲಿ ಕೆಲಸ ಬೇಕಾದಷ್ಟಿದೆ, ಕಾಯಂ ಹುದ್ದೆ ಕಡಿಮೆ.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ 3 ಹಾಸಿಗೆಗೆ ಒಬ್ಬ ನರ್ಸ್ ಬೇಕು, ಅಂದರೆ ದಿನದ ಮೂರು ಪಾಳಿಗೆ ಹಂಚಿದರೆ ಪಾಳಿಗೆ 9 ಹಾಸಿಗೆಗೆ ಒಬ್ಬರು. ಅದರ ಮೇಲೆ ರಜೆಗೆಂದು ಶೇ 30ರಷ್ಟು ಹೆಚ್ಚುವರಿ. 30 ಹಾಸಿಗೆಯ ಒಂದು ವಾರ್ಡಿಗೆ 10 ಮತ್ತು 3, ಒಟ್ಟು 13 ಜನ. ಈ ಮೂವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆರಿಗೆ ರಜೆ, ವಾರದ ರಜೆ, ತರಬೇತಿ ಬಂದಾಗ ರಾತ್ರಿ ಪಾಳಿಯಿಂದ ಒಬ್ಬರನ್ನು ತೆಗೆಯುತ್ತಾರೆ.

ಇದರ ಪರಿಣಾಮ ರಾತ್ರಿ 10 ಗಂಟೆಯ ಇಂಜೆಕ್ಷನ್ ಸುತ್ತಿನಲ್ಲಿ ಕಾಣುತ್ತದೆ. ಕೇಸ್ ಶೀಟ್ ನೋಡಬೇಕು, ರೋಗಿಯ ಹೆಸರು ಕೇಳಿ ಖಚಿತಪಡಿಸಿಕೊಳ್ಳಬೇಕು, ಸೀಸೆಯಲ್ಲಿನ ಪುಡಿ ಕರಗಿಸಬೇಕು, ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ) ಸರಿಯಿದೆಯೇ ನೋಡಿ ಔಷಧವನ್ನು ನಿಧಾನವಾಗಿ ಬಿಡಬೇಕು, ಆಮೇಲೆ ಬರೆದಿಡಬೇಕು. ಒಬ್ಬ ರೋಗಿಗೆ 6–7 ನಿಮಿಷ ಬೇಕೇ ಬೇಕು. 9 ರೋಗಿಗಳಾದರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. 20 ಜನರಾದರೆ 10 ಗಂಟೆಯ ಔಷಧ ಕೊನೆಯ ಹಾಸಿಗೆ ತಲುಪುವಾಗ 12 ದಾಟಿರುತ್ತದೆ. ಅಷ್ಟರಲ್ಲಿ ಯಾರದೋ ಡ್ರಿಪ್ ಖಾಲಿಯಾಗಿ ನಳಿಕೆಗೆ ರಕ್ತ ಏರಿರುತ್ತದೆ. ಬೆಳಿಗ್ಗೆ ಬೈಗುಳ ತಿನ್ನುವುದು ಆ ನರ್ಸೇ.

ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಸ್ಥಳೀಯ ವೃಂದದ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲು. ನಮ್ಮ ಹೆಣ್ಣುಮಕ್ಕಳಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ಆದರೆ ಅದು ಫಲ ಕೊಡುವುದು ಮಂಜೂರಾದ ಹುದ್ದೆಗೆ ನೇರ ನೇಮಕಾತಿ ಕರೆದಾಗ. ಏಜೆನ್ಸಿಯ ಮೂಲಕ ಹನ್ನೊಂದು ತಿಂಗಳಿಗೆ ತೆಗೆದುಕೊಂಡ ನರ್ಸ್‌ಗೆ ಸೇವಾ ಹಿರಿತನವೂ ಇಲ್ಲ, ಬಡ್ತಿಯೂ ಇಲ್ಲ. ಹೊರಗುತ್ತಿಗೆ ಹೆಚ್ಚಿದಷ್ಟೂ 371ಜೆ ಕಾಗದದಲ್ಲೇ ಉಳಿಯುತ್ತದೆ.

ಖಾಸಗಿ ನರ್ಸಿಂಗ್ ಹೋಮ್‌ಗಳ ಮಾತು ಬೇರೆ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಕೇಂದ್ರದ ಸಮಿತಿ ಸಂಬಳವನ್ನು ಸ್ಪಷ್ಟವಾಗಿ ಹೇಳಿದೆ: 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ನರ್ಸ್‌ಗಳಿಗೆ ಸಮ, 100ಕ್ಕಿಂತ ಹೆಚ್ಚಿದ್ದರೆ ಸರ್ಕಾರಿ ಸಂಬಳಕ್ಕಿಂತ ಶೇ 10ಕ್ಕೂ ಹೆಚ್ಚು ಕಡಿಮೆಯಾಗಬಾರದು, 50ರಿಂದ 100ಕ್ಕೆ ಶೇ 25ಕ್ಕೂ ಹೆಚ್ಚು ಕಡಿಮೆಯಾಗಬಾರದು, 50ಕ್ಕಿಂತ ಚಿಕ್ಕದಾದರೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು. ಇದು ಶಿಫಾರಸು, ಕಾನೂನಲ್ಲ. ಜಾರಿಗೆ ತರಬೇಕಾದದ್ದು ರಾಜ್ಯ ಸರ್ಕಾರ.

ಈಗ ಕೋರ್ಸ್ ಮುಗಿಸುತ್ತಿರುವವರಿಗೆ ಎರಡು ಮಾತು. ಅವಕಾಶ ಕೈತಪ್ಪುವುದು ಹೆಚ್ಚಾಗಿ ಕಾಗದಪತ್ರದಲ್ಲಿ. ಫಲಿತಾಂಶ ಬಂದ ಕೂಡಲೇ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿ. ಏಮ್ಸ್ ಆಸ್ಪತ್ರೆಗಳಿಗೆ ಶುಶ್ರೂಷಾಧಿಕಾರಿಗಳನ್ನು ಆರಿಸುವ ನಾರ್ಸೆಟ್ ಪರೀಕ್ಷೆಗೆ ಬಿ.ಎಸ್ಸಿ ನರ್ಸಿಂಗ್‌ನವರಿಗೆ ಅನುಭವ ಬೇಡ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಆದವರಿಗೆ ಮಾತ್ರ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಅಲ್ಲಿ ಮೂಲ ವೇತನವೇ 44,900 ರೂಪಾಯಿ. 30 ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಐದು ವರ್ಷ ದುಡಿದರೂ ಆ ಅನುಭವ ನಾರ್ಸೆಟ್‌ಗೆ ಉಪಯೋಗಕ್ಕೆ ಬಾರದು. ಸೇರುವ ಮೊದಲೇ ಹಾಸಿಗೆ ಎಷ್ಟು ಎಂದು ಕೇಳಿ. ಅನುಭವ ಪತ್ರದಲ್ಲಿ ಆ ಸಂಖ್ಯೆ, ಸೇರಿದ ಮತ್ತು ಬಿಟ್ಟ ದಿನಾಂಕ, ಹುದ್ದೆಯ ಹೆಸರು ಇರಲಿ. ಸಂಬಳ ಬ್ಯಾಂಕ್ ಖಾತೆಗೇ ಬರಲಿ. ಕೈಯಲ್ಲಿ ಕೊಟ್ಟ ಹಣಕ್ಕೆ ಸಾಕ್ಷಿ ಇರುವುದಿಲ್ಲ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಒಪ್ಪಿಸಬೇಡಿ, ದೃಢೀಕರಿಸಿದ ನಕಲು ಸಾಕು. ಹೈದರಾಬಾದಿಗೆ ಹೋಗುವವರು ತೆಲಂಗಾಣ ಪರಿಷತ್ತಿನ ನೋಂದಣಿಯನ್ನೂ, ಜರ್ಮನಿಯ ಕನಸಿರುವವರು ಜರ್ಮನ್ ಭಾಷಾ ಪರೀಕ್ಷೆಯ ಬಿ2 ಹಂತವನ್ನೂ ಮೊದಲೇ ಯೋಚಿಸಲಿ. 371ಜೆ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕೊಡುತ್ತಾರೆ. ಅಧಿಸೂಚನೆ ಬಂದ ಮೇಲೆ ಶಾಲಾ ದಾಖಲೆ ಹಿಡಿದು ಓಡಿದರೆ ಕೊನೆಯ ದಿನಾಂಕ ಮುಗಿದಿರುತ್ತದೆ, ಈಗಲೇ ಮಾಡಿಸಿಟ್ಟುಕೊಳ್ಳಿ.

ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣ ಇಲಾಖೆಗಳು ಈ ಏಳು ಜಿಲ್ಲೆಗಳ ಪ್ರತಿ ಆಸ್ಪತ್ರೆಯಲ್ಲಿ ಇರುವ ಹಾಸಿಗೆ, ಮಂಜೂರಾದ ಶುಶ್ರೂಷಾಧಿಕಾರಿ ಹುದ್ದೆ, ಕಾಯಂ ಆಗಿ ಭರ್ತಿಯಾದದ್ದು, ಹೊರಗುತ್ತಿಗೆಯಲ್ಲಿ ಇರುವುದು, ಈ ನಾಲ್ಕು ಅಂಕಿಗಳನ್ನು ವಾರ್ಡುವಾರು ಪ್ರಕಟಿಸಲಿ. ಶೇ 30ರ ರಜೆ ಮೀಸಲನ್ನೂ ಸೇರಿಸಿ ಹುದ್ದೆ ಮಂಜೂರು ಮಾಡಿ, ನೇರ ನೇಮಕಾತಿ ಕರೆಯಲಿ.

— ಕೆಲವು ಶುಶ್ರೂಷಾ ಬೋಧಕರು, ಕಲಬುರಗಿ