ಅಪ್ಪನ ಪದ್ಮಿನಿ ಘಾಟಿ ಹತ್ತಿತು, ಎಲ್ಲರಿಗೂ ವಂದನೆ

ಕಳೆದ ಭಾನುವಾರ ಅಪ್ಪನ ಪ್ರೀಮಿಯರ್ ಪದ್ಮಿನಿ ಕಾರು ಉಡುಪಿಗೆ ಹೋಗಿ, ಸೋಮೇಶ್ವರದಿಂದ ಆಗುಂಬೆ ಘಾಟಿಯ ಹದಿನಾಲ್ಕೂ ತಿರುವು ಹತ್ತಿ ಶಿವಮೊಗ್ಗಕ್ಕೆ ಸುಖವಾಗಿ ವಾಪಸ್ ಬಂತು. ಹೋದ ಮಳೆಗಾಲದಿಂದ "ಗಾಡಿ ಏನಾಯ್ತು?" ಅಂತ ಕೇಳುತ್ತಲೇ ಇದ್ದ ನಿಮಗೆಲ್ಲ ಒಟ್ಟಿಗೆ ಉತ್ತರ ಹೇಳೋಣ ಅಂತ ಕೂತಿದ್ದೇನೆ. ಅಪ್ಪನ ಆರೋಗ್ಯದ ವಿಷಯ ನಿಮಗೆ ಗೊತ್ತೇ ಇದೆ, ಅದನ್ನು ಮತ್ತೆ ಬರೆಯುವುದಿಲ್ಲ. ಒಂದು ಮಾತ್ರ ಹೇಳಬೇಕು. ಘಾಟಿಯಲ್ಲಿ ಗಾಡಿ ಸ್ವಲ್ಪ ಏದುಸಿರು ಬಿಟ್ಟಾಗ, ಪಕ್ಕದಲ್ಲಿ ಸುಮ್ಮನೆ ಕೂತಿದ್ದ ಅಪ್ಪ ಸ್ಟಿಯರಿಂಗ್ ಕೆಳಗಿನ ಗೇರ್ ಕಡ್ಡಿಯ ಮೇಲೆ ಕೈ ಇಟ್ಟು, "ಸೆಕೆಂಡಿಗೆ ಹಾಕು, ಎಳೀತದೆ" ಅಂದರು. ಬೆಳಿಗ್ಗೆ ನನ್ನ ಹೆಸರು ನೆನಪಾಗದೆ ಒದ್ದಾಡಿದ್ದ ಅಪ್ಪ.

ಹಾಗಾಗಿ ಈ ವಂದನೆ ಬರೀ ಗಾಡಿಯದ್ದಲ್ಲ.

ಎಂಜಿನ್ ಕೆಲಸಕ್ಕೆ ಇಳಿದಾಗ ನಮಗಿದ್ದ ಭಯವೆಲ್ಲ ಹಳೆಯ ಸಾಮಾನಿನದು. ಕ್ರ್ಯಾಂಕ್ ಸವೆದಿರುತ್ತದೋ, ಬ್ಲಾಕ್ ಬಿರುಕು ಬಿಟ್ಟಿರುತ್ತದೋ ಅಂತ. ಬ್ಲಾಕಿಗೆ ಏನೂ ಆಗಿರಲಿಲ್ಲ. 1089 ಸಿಸಿಯ ಆ ಪುಟ್ಟ ಫಿಯಟ್ ಎಂಜಿನ್ 68 ಮಿಲಿಮೀಟರ್ ಬೋರ್‌ನಿಂದ (ಪಿಸ್ಟನ್ ಓಡುವ ತೂತಿನ ಅಗಲ) ಅರ್ಧ ಮಿಲಿಮೀಟರ್ ಓವರ್‌ಸೈಜ್‌ಗೆ ಚೊಕ್ಕಟವಾಗಿ ಬಂತು. ಕ್ರ್ಯಾಂಕ್ ಗ್ರೈಂಡಿಂಗ್ ಆಯಿತು, ಹೆಡ್ಡೂ ಆಯಿತು. ನಮ್ಮನ್ನು ಕೆಡಿಸಿದ್ದು ಪ್ಲಾಸ್ಟಿಕ್ ಹೊದಿಕೆಯೊಳಗೆ ಎಣ್ಣೆ ಸವರಿಕೊಂಡು, ಪೆಟ್ಟಿಗೆಯ ಮೇಲೆ ಮಿರಮಿರ ಮಿಂಚುವ ಸ್ಟಿಕ್ಕರ್ ಅಂಟಿಸಿಕೊಂಡು ಬಂದ ಹೊಚ್ಚ ಹೊಸ ಸಾಮಾನು. ಯಾವ ಕಂಪನಿಯದು, ಯಾವ ಅಂಗಡಿಯದು ಅಂತ ಇಲ್ಲಿ ಬರೆಯುವುದಿಲ್ಲ. "ಪೆಟ್ಟಿಗೆ ಒಡೆದ ಮೇಲೆ ವಾಪಸ್ ಇಲ್ಲ" ಅನ್ನುವ ಉತ್ತರ ಕೇಳಿ ಮನಸ್ಸಿಗೆ ಆದದ್ದನ್ನು ಅಲ್ಲೇ ಬಿಟ್ಟಿದ್ದೇನೆ.

ಎಂಜಿನ್ ಕೂಡಿಸಿ, ಸ್ಟಾರ್ಟ್ ಮಾಡಿ, ಸಿಹಿ ಹಂಚಿದ ಫೋಟೋ ನೀವೆಲ್ಲ ನೋಡಿದ್ದೀರಿ. ಸ್ವಲ್ಪ ದಿನಕ್ಕೇ ಟಕಟಕ ಶಬ್ದ ಶುರುವಾಯಿತು. ವಾಲ್ವ್ ಎತ್ತುವ ಟ್ಯಾಪೆಟ್ ಅಡ್ಜಸ್ಟ್ ಮಾಡಿದರೆ ನಿಲ್ಲುವುದು, ಮಾರನೇ ದಿನ ಗ್ಯಾಪ್ ಮತ್ತೆ ಜಾಸ್ತಿಯಾಗಿರುವುದು. ಹೊಸ ಎಂಜಿನ್ ಕೂತುಕೊಳ್ಳುವ ತನಕ ಹೀಗೇ ಅಂತ ತಿಳಿದವರೆಲ್ಲ ಹೇಳಿದರು. ನಮ್ಮ ಗಾಡಿಯ ಮೇಸ್ತ್ರಿ ಮಾತ್ರ ಒಪ್ಪಲಿಲ್ಲ. ಆವತ್ತು ಸಂಜೆಯೇ ಆಯಿಲ್ ಇಳಿಸಿ, ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ, ಅದರ ತಳದಲ್ಲಿ ಅಯಸ್ಕಾಂತದ ಚೂರು ಆಡಿಸಿದರು. ಮೇಲೆತ್ತಿದಾಗ ಅದರ ಸುತ್ತ ಕಪ್ಪು ಗಡ್ಡ ಬೆಳೆದಿತ್ತು. ಅಷ್ಟೂ ಕಬ್ಬಿಣದ ಪುಡಿ.

ಆ ರಾತ್ರಿಯ ಬಗ್ಗೆಯೇ ನಾನು ಬರೆಯಬೇಕಾದದ್ದು.

ಹೊರಗೆ ಮಲೆನಾಡಿನ ಮಳೆ, ಕರೆಂಟ್ ಇರಲಿಲ್ಲ. ಆಟೋ ಕಾಂಪ್ಲೆಕ್ಸಿನಲ್ಲಿ ಉಳಿದ ಶೆಡ್‌ಗಳೆಲ್ಲ ಬಾಗಿಲು ಹಾಕಿದ್ದವು. ನನ್ನ ಮಗ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟಿದ್ದ. ಮೇಸ್ತ್ರಿ ಚಾರ್ಜರ್ ದೀಪದ ಬೆಳಕಿನಲ್ಲಿ ಕ್ಯಾಮ್‌ಶಾಫ್ಟ್ (ಟ್ಯಾಪೆಟ್‌ಗಳನ್ನು ಎತ್ತುವ ಉಬ್ಬುಗಳಿರುವ ದಂಡ) ಎಳೆದು, ಟ್ಯಾಪೆಟ್‌ಗಳನ್ನು ಒಂದೊಂದಾಗಿ ತೆಗೆದು ಹಲಗೆಯ ಮೇಲೆ ಸಾಲಾಗಿ ಇಟ್ಟರು. ಕ್ಯಾಮ್ ಮೇಲೆ ಕೂರುವ ಮುಖ ನುಣುಪಾಗಿರಬೇಕಿತ್ತು. ನಾಲ್ಕರಲ್ಲಿ ಬಟ್ಟಲಿನ ಹಾಗೆ ಗುಳಿ ಬಿದ್ದಿತ್ತು. ಬೆರಳು ಆಡಿಸಿದರೆ ಅಂಚು ತಾಗುತ್ತಿತ್ತು. ಅವುಗಳ ಕೆಳಗಿದ್ದ ಕ್ಯಾಮಿನ ಮೂಗುಗಳೂ, ಅಂದರೆ ಆ ಉಬ್ಬುಗಳ ತುದಿಗಳೂ, ಸವೆದಿದ್ದವು.

ನಮ್ಮ ಎಂಜಿನ್ನಿನಿಂದ ಮೊದಲು ತೆಗೆದ ಹಳೆಯ ಟ್ಯಾಪೆಟ್‌ಗಳನ್ನು ಅವರು ಎಸೆದಿರಲಿಲ್ಲ. ಅದರಲ್ಲೊಂದನ್ನು ವೈಸಿಗೆ ಕಚ್ಚಿಸಿ, ಸಣ್ಣ ಅರ ಹಿಡಿದು ಎಳೆದರು. ಅರ ಗಾಜಿನ ಮೇಲೆ ಜಾರಿದಂತೆ ಕಿಣ್ ಎಂದು ಜಾರಿತು, ಗೆರೆ ಕೂಡ ಮೂಡಲಿಲ್ಲ. ಆಮೇಲೆ ಹೊಸದನ್ನು ಕಚ್ಚಿಸಿ ಎಳೆದರು. ಗರಗರ ಅಂತ ಕಚ್ಚಿ, ಬೆಳ್ಳಗೆ ಗೆರೆ ಬಿತ್ತು, ಪುಡಿ ಉದುರಿತು. "ನೋಡಿ ಅಮ್ಮಾ, ಇದಕ್ಕೆ ಹದ ಹಾಕೇ ಇಲ್ಲ. ಮೆತ್ತನೆ ಕಬ್ಬಿಣ" ಅಂದರು. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗಲೆಲ್ಲ ಕ್ಯಾಮ್ ಒಂದು ಸುತ್ತು ತಿರುಗಿ, ವಾಲ್ವ್ ಸ್ಪ್ರಿಂಗಿನ ಅಷ್ಟೂ ಬಿಗಿಯನ್ನು ಆ ಸಣ್ಣ ಮುಖದ ಮೇಲೆ ಹೇರುತ್ತದೆ. ಹದ ಹಾಕದ ಕಬ್ಬಿಣ ಅಲ್ಲಿ ಎಷ್ಟು ದಿನ ತಡೆದೀತು?

ನಾನು ಅತ್ತೆ. ಹಣಕ್ಕಲ್ಲ. ಅಪ್ಪನ ನೆನಪು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿತ್ತು. ಈ ಗಾಡಿ ಸರಿಯಾಗುವ ಹೊತ್ತಿಗೆ ಅದು ತನ್ನದು ಅಂತ ಅವರಿಗೆ ಗೊತ್ತಿರುತ್ತದೋ ಇಲ್ಲವೋ ಅನ್ನುವುದು ಒಂದೇ ನನ್ನ ತಲೆಯಲ್ಲಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ ಹೇಳಿರಲಿಲ್ಲ. ಗುಜರಿಗೆ ಹಾಕಿಬಿಡಿ, ನನಗೆ ಸಾಕು ಅಂದೆ.

ಮೇಸ್ತ್ರಿ ಸಮಾಧಾನ ಹೇಳಲಿಲ್ಲ. ಒಂದು ಬಾನಿಯಲ್ಲಿ ಸೀಮೆಎಣ್ಣೆ, ಒಂದು ಬ್ರಷ್ಷು, ಉದ್ದದ ತಂತಿ ತಂದು ನನ್ನ ಮುಂದಿಟ್ಟರು. "ಆ ಪುಡಿ ಎಲ್ಲೆಲ್ಲಿಗೆ ಹೋಗಿದೆಯೋ ಗೊತ್ತಿಲ್ಲ. ಆಯಿಲ್ ಹೋಗೋ ದಾರಿ ಒಂದೂ ಬಿಡದೆ ತೊಳೀಬೇಕು. ನೀವು ತೊಳೀರಿ, ನಾನು ಅಳೀತೀನಿ" ಅಂದರು. ಅಷ್ಟೇ. ನಾನು ತೊಳೆಯುತ್ತಾ ಕೂತೆ. ಅವರು ಮೈಕ್ರೋಮೀಟರ್ ತೆಗೆದುಕೊಂಡು, ನಾವು ತಂದಿದ್ದ ಪ್ರತಿಯೊಂದು ಹೊಸ ಸಾಮಾನನ್ನೂ, ಆಗಲೇ ಹಾಕಿದ್ದನ್ನೂ ಹಾಕಬೇಕಿದ್ದದ್ದನ್ನೂ, ಮತ್ತೆ ಮೊದಲಿನಿಂದ ನೋಡಿದರು. ಒಂದು ಬೇರಿಂಗ್ ಶೆಲ್ಲಿನ ಆಯಿಲ್ ತೂತು ಬ್ಲಾಕಿನ ತೂತಿಗೆ ಅರ್ಧ ಮಾತ್ರ ಕೂಡುತ್ತಿತ್ತು. ಪಿಸ್ಟನ್ ರಿಂಗನ್ನು ಬೋರ್ ಒಳಗೆ ಇಳಿಸಿ, ಪಿಸ್ಟನ್ನಿನಿಂದ ನೇರ ಕೂರುವಂತೆ ತಳ್ಳಿ, ರಿಂಗಿನ ಎರಡು ತುದಿಗಳ ನಡುವೆ ಸಂದು ಅಳೆಯುವ ಫೀಲರ್ ಗೇಜ್ ತೂರಿಸಿದರು. ಬೋರ್‌ನ ಪ್ರತಿ ಇಂಚಿಗೆ ನಾಲ್ಕು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಲೆಕ್ಕದಲ್ಲಿ ಹತ್ತು ಹನ್ನೊಂದು ಥೌ ಗ್ಯಾಪ್ ಸಾಕಿತ್ತು. ಎರಡು ರಿಂಗಿನಲ್ಲಿ ಅದರ ಮೂರು ಪಟ್ಟು ಇತ್ತು. ಗ್ಯಾಪ್ ಕಡಿಮೆ ಇದ್ದರೆ ಅರದಿಂದ ಉಜ್ಜಿ ಸರಿ ಮಾಡಬಹುದು, ಜಾಸ್ತಿ ಇದ್ದದ್ದನ್ನು ಯಾರೂ ಕೂಡಿಸಲಾರರು. ಎಲ್ಲವನ್ನೂ ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಒಂದು ಕಡೆ 'ಆಗುತ್ತೆ', ಇನ್ನೊಂದು ಕಡೆ 'ಬೇಡ'. ಆ ಎರಡನೇ ಪಟ್ಟಿ ಉದ್ದವಾದಷ್ಟೂ ನನಗೆ ವಿಚಿತ್ರವಾಗಿ ಧೈರ್ಯ ಬಂತು. ಏನು ಕೆಟ್ಟಿದೆ ಅಂತ ಗೊತ್ತಾಗಿತ್ತಲ್ಲ.

ಬೆಳಗಿನ ಜಾವ ಅವರ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ಬಂತು. ಅವರ ಮನೆಯವರು ಛತ್ರಿ ಹಿಡಿದುಕೊಂಡು ತಂದಿದ್ದರು. ಕುಡಿಯುತ್ತಾ ಮೇಸ್ತ್ರಿ ಹೇಳಿದರು: "ನಾನು ಮೇಷ್ಟ್ರ ಹತ್ತಿರ, ನಿಮ್ಮ ಅಪ್ಪನ ಹತ್ತಿರ, ಪಿಯುಸಿ ಓದಿದವನು ಅಮ್ಮಾ. ಫೇಲಾದೆ. ಎರಡನೇ ಸಲ ಕಟ್ಟೋಕೆ ಫೀಸು ಅವರೇ ಕೊಟ್ಟಿದ್ದು. ಆಗಲೂ ಫೇಲಾದೆ. ಆದರೂ ಗಾಡಿ ಕೆಲಸಕ್ಕೆ ನನ್ನ ಹತ್ತಿರವೇ ಬರೋರು." ಇಷ್ಟು ವರ್ಷ ಇದನ್ನು ಅಪ್ಪನೂ ಹೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಆ ರಾತ್ರಿಯ ಕೂಲಿಯನ್ನು ಅವರು ಇವತ್ತಿಗೂ ತೆಗೆದುಕೊಂಡಿಲ್ಲ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಶಿವಮೊಗ್ಗದವರಿಗೆ ಯಾರು ಅಂತ ತಿಳಿದೇ ತಿಳಿಯುತ್ತದೆ.

ಮೇಸ್ತ್ರಿ, ನೀವು ಇದನ್ನು ಓದುವುದಿಲ್ಲ ಅಂತ ಗೊತ್ತು, ನಿಮ್ಮ ಮಗಳು ಓದಿ ಹೇಳಲಿ. ಆ ರಾತ್ರಿ ನೀವು ಶೆಡ್ ಬಾಗಿಲು ಎಳೆದು "ನಾಳೆ ನೋಡೋಣ" ಅಂದಿದ್ದರೆ ಆ ನಾಳೆ ಬರುತ್ತಲೇ ಇರಲಿಲ್ಲ. ನಾನು ಮಾರಿಬಿಡುತ್ತಿದ್ದೆ. ಘಾಟಿಯಲ್ಲಿ ಅಪ್ಪ ಆಡಿದ ಆ ಒಂದು ಮಾತಿನಲ್ಲಿ ನಿಮ್ಮ ಪಾಲೇ ದೊಡ್ಡದು.

ಮುಂಬೈಯಲ್ಲಿರುವ ಚಿಕ್ಕಮ್ಮನ ಮಗನಿಗೂ ಒಂದು ಮಾತು ಹೇಳಲೇಬೇಕು. ಅಲ್ಲಿನ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರ್‌ಗೆ ಮುಗಿಯಿತು. 2003ರಲ್ಲಿ ನೋಂದಣಿಯಾದ ಕೊನೆಯ ಗಾಡಿಗೂ ಇಪ್ಪತ್ತು ವರ್ಷದ ಮಿತಿ ದಾಟಿತು. ಬಿಚ್ಚಿ ಹಾಕಿದ ಅಂಥ ಒಂದು ಗಾಡಿಯ ಕ್ಯಾಮ್‌ಶಾಫ್ಟನ್ನು ಕುರ್ಲಾದ ಹಳೇ ಸಾಮಾನಿನ ಅಂಗಡಿಗಳಲ್ಲಿ ಅಲೆದು ಅವನು ಹುಡುಕಿದ. ಮೇಸ್ತ್ರಿ ಫೋನಿನಲ್ಲಿ ಹೇಳಿದ ಹಾಗೆ ಎಂಟು ಟ್ಯಾಪೆಟ್‌ಗಳನ್ನೂ ಯಾವುದು ಯಾವ ಮೂಗಿನದು ಅಂತ ಗುರುತು ಹಾಕಿ, ಬಟ್ಟೆಯಲ್ಲಿ ಸುತ್ತಿ ಕಳಿಸಿದ. ಈ ಗಾಡಿಗಳು ತಯಾರಾಗುತ್ತಿದ್ದ ಕಾರ್ಖಾನೆ ಇದ್ದದ್ದೂ ಕುರ್ಲಾದಲ್ಲೇ. ಅರ ಜಾರುವ ಕಬ್ಬಿಣ ಕೊನೆಗೆ ಹುಟ್ಟೂರಿನಿಂದಲೇ ಬಂತು.

ಬೆಂಗಳೂರಿನ ಜೆ.ಸಿ. ರಸ್ತೆಯ ಗಾಡಿ ಸಾಮಾನಿನ ಅಂಗಡಿಯಲ್ಲಿ ಪೆಟ್ಟಿಗೆ ಒಡೆದು ಅಳೆದು ನೋಡಲು ಬಿಟ್ಟ ಹಿರಿಯರು, ಗ್ರೈಂಡಿಂಗ್ ಅಂಗಡಿಯವರು, ದುಡ್ಡು ಹೊಂದಿಸಿಕೊಟ್ಟ ಭಾವ, ಅಪ್ಪನನ್ನು ನೋಡಿಕೊಂಡ ಪಕ್ಕದ ಮನೆಯವರು, ನಿಮಗೆಲ್ಲ ಮನಸ್ಸು ತುಂಬಿ ನಮಸ್ಕಾರ. ಹಳೇ ಗಾಡಿ ಬಿಚ್ಚುವ ಯೋಚನೆ ಇರುವವರು ಅರ ಮತ್ತು ಫೀಲರ್ ಗೇಜ್ ಹಿಡಿದುಕೊಂಡೇ ಸಾಮಾನು ತರಲು ಹೋಗಿ, ಹಳೆಯದನ್ನು ಹೊಸದು ಓಡುವ ತನಕ ಎಸೆಯಬೇಡಿ.

ಗುಳಿ ಬಿದ್ದ ಆ ಟ್ಯಾಪೆಟ್‌ಗಳು, ತೂತು ಕೂಡದ ಶೆಲ್ಲು, ಆ ಎರಡು ರಿಂಗು, ಇವನ್ನು ಐಟಿಐಯಲ್ಲಿ ಮೆಕ್ಯಾನಿಕ್ ಕೆಲಸ ಕಲಿಯುವ ಮಕ್ಕಳಿಗೆ ತೋರಿಸಲು ಕೊಟ್ಟಿದ್ದೇವೆ. ಮೇಸ್ತ್ರಿಯೂ ಒಂದು ಶನಿವಾರ ಹೋಗಿ ಅರ ಎಳೆದು ತೋರಿಸಲು ಒಪ್ಪಿದ್ದಾರೆ. ಅವರನ್ನು ಕರೆದುಕೊಂಡು ಹೋಗುವುದು ನಮ್ಮ ಗಾಡಿಯಲ್ಲೇ.